ಅವಂಕ್ಯುಲರ್ ಅಂದರೆ ಬೈಗುಳವೇನೋ ಅಂದುಕೊಂಡಿದ್ದರು!

ಕಳೆದ ತಿಂಗಳು ನಾನು ನಿವೃತ್ತನಾದೆ. 31 ವರ್ಷ ಇಂಗ್ಲಿಷ್ ಪಾಠ ಹೇಳಿದ ಕಾಲೇಜಿನಲ್ಲಿ ಒಂದು ಬೀಳ್ಕೊಡುಗೆ ಸಮಾರಂಭ. ಶಾಲು, ಹಾರ, ಹಣ್ಣಿನ ಬುಟ್ಟಿ, ತಲೆಗೆ ಸರಿಯಾಗಿ ಕೂರದ ಮೈಸೂರು ಪೇಟ, ಎಲ್ಲ ಮಾಮೂಲು. ನನ್ನ ವಿಭಾಗಕ್ಕೆ ಹೋದ ವರ್ಷವಷ್ಟೇ ಬಂದ ಹೊಸ ಉಪನ್ಯಾಸಕಿಯೊಬ್ಬರು ಮಾತನಾಡುತ್ತಾ, ಇಂಗ್ಲಿಷಿನಲ್ಲಿ, 'ಸರ್ ಅವರದು ಬಹಳ ಅವಂಕ್ಯುಲರ್ ಸ್ವಭಾವ' ಅಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಹೆಂಡತಿ ಮುಖ ಸಿಂಡರಿಸಿದಳು. ಮನೆಗೆ ಬಂದಮೇಲೆ ಮೊದಲ ಪ್ರಶ್ನೆಯೇ, "ಆ ಹುಡುಗಿ ನಿಮಗೆ ಏನೋ ಅಂದ್ಲಲ್ಲ, ಅದೇನು? ಅಹಂಕಾರ ಅಂದ ಹಾಗೆ ಕೇಳಿಸ್ತು."

ನಕ್ಕುಬಿಟ್ಟೆ. ಆದರೆ ಅದೇ ಸಭೆಯಲ್ಲಿ, ಹಿಂದಿನ ಸಾಲಿನಲ್ಲಿ, ನನ್ನ ಅಕ್ಕ ಮತ್ತು ಅವಳ ಮಗ ಇದ್ದರು. ಆ ಪದ ಕೇಳಿದಾಗ ಅವನ ತುಟಿಯ ತುದಿಯಲ್ಲಿ ಒಂದು ನಗು ಸುಳಿದದ್ದನ್ನು ನಾನು ವೇದಿಕೆಯ ಮೇಲಿಂದಲೇ ನೋಡಿದ್ದೆ. ಅದರ ಅರ್ಥ ಅವನಿಗೆ ಗೊತ್ತು. ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಬಂದು ಕೈ ಕುಲುಕಿ, "ಕಂಗ್ರಾಟ್ಸ್ ಅಂಕಲ್" ಅಂದ. ಆ 'ಅಂಕಲ್' ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಪದವನ್ನು ನೋಡೋಣ.

ಅವಂಕ್ಯುಲರ್ ಅಂದರೆ 'ಮಾವನಂಥ' ಎಂದು. ಒಬ್ಬ ಹಿರಿಯ ಗಂಡಸು ತನಗಿಂತ ಕಿರಿಯರ ಜೊತೆ ಸಲುಗೆಯಿಂದ, ಪ್ರೀತಿಯಿಂದ, ಸ್ವಲ್ಪ ಬುದ್ಧಿಮಾತು ಸ್ವಲ್ಪ ತಮಾಷೆ ಬೆರೆಸಿ ನಡೆದುಕೊಂಡರೆ ಇಂಗ್ಲಿಷಿನವರು ಅವನನ್ನು ಹಾಗೆ ಕರೆಯುತ್ತಾರೆ. ಅವನು ನಿಜಕ್ಕೂ ಯಾರಿಗಾದರೂ ಮಾವ ಆಗಿರಬೇಕೆಂದಿಲ್ಲ. ಅಮೆರಿಕದಲ್ಲಿ ಸಿಬಿಎಸ್ ಟೀವಿಯ ಸುದ್ದಿ ಓದುತ್ತಿದ್ದ ವಾಲ್ಟರ್ ಕ್ರಾಂಕೈಟ್ ಅವರನ್ನು ಜನ 'ಅಂಕಲ್ ವಾಲ್ಟರ್' ಎನ್ನುತ್ತಿದ್ದರು. ಅವರ ಬಗ್ಗೆ ಬರೆದವರು ತಪ್ಪದೆ ಬಳಸುವ ವಿಶೇಷಣ ಇದು. ಕೆಟ್ಟ ಸುದ್ದಿಯನ್ನೂ ಎದುರಿಗೆ ಕೂತು ಸಮಾಧಾನವಾಗಿ ಹೇಳುವ ದೊಡ್ಡವರ ದನಿ. ಪದಕ್ಕೆ ಒಂದು ಸಣ್ಣ ಕೊಂಕೂ ಇದೆ, ಮರೆಯಬಾರದು. ಎಲ್ಲ ಬಲ್ಲವನಂತೆ ಬೆನ್ನು ತಟ್ಟಿ 'ಹೋಗು ಮಗು' ಅನ್ನುವವರನ್ನು ಚುಚ್ಚುವುದಕ್ಕೂ ಇದನ್ನು ಬಳಸುತ್ತಾರೆ.

ಮೂಲ ಲ್ಯಾಟಿನ್. 'ಅವುಸ್' ಅಂದರೆ ಅಜ್ಜ. ಅದಕ್ಕೆ 'ಉಂಕುಲುಸ್' ಎಂಬ ಬಾಲ ಸೇರಿ 'ಅವುಂಕುಲುಸ್'. ಈ ಬಾಲ ಚಿಕ್ಕದು, ಪುಟ್ಟದು ಎನ್ನುವುದನ್ನು ಸೂಚಿಸುತ್ತದೆ. ಹೂಗುಚ್ಛದ ಅಂಗಡಿಗಳಲ್ಲಿ ಪದರ ಪದರವಾಗಿ ಅರಳಿದ ರನಂಕ್ಯುಲಸ್ ಎಂಬ ಹೂ ನೋಡಿರಬಹುದು. ಲ್ಯಾಟಿನ್ನಿನಲ್ಲಿ 'ರಾನ' ಎಂದರೆ ಕಪ್ಪೆ, ಹಾಗಾಗಿ ಆ ಚೆಂದದ ಹೂವಿನ ಹೆಸರಿಗೆ 'ಪುಟ್ಟ ಕಪ್ಪೆ' ಎಂದರ್ಥ! ಅದೇ ಲೆಕ್ಕದಲ್ಲಿ ಅವುಂಕುಲುಸ್ ಅಂದರೆ 'ಪುಟ್ಟಜ್ಜ'. ಆದರೆ ರೋಮನ್ನರು ಅದನ್ನು ಎಲ್ಲ ಪುಟ್ಟಜ್ಜಂದಿರಿಗೂ ಬಳಸುತ್ತಿರಲಿಲ್ಲ. ಒಬ್ಬನೇ ಒಬ್ಬನಿಗೆ, ಅಮ್ಮನ ಒಡಹುಟ್ಟಿದವನಿಗೆ. ಅಂದರೆ ನಮ್ಮ ಸೋದರಮಾವ.

ಇಲ್ಲಿಗೆ ಬಂದಾಗ ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ. ನಾವು ಶಾಲೆಯಲ್ಲಿ ಇಂಗ್ಲಿಷ್ ಕಲಿಯುವಾಗ ಎಲ್ಲರೂ ಕೇಳಿದ ಪ್ರಶ್ನೆ ಒಂದೇ, "ದೊಡ್ಡಪ್ಪನೂ ಅಂಕಲ್, ಚಿಕ್ಕಪ್ಪನೂ ಅಂಕಲ್, ಮಾವನೂ ಅಂಕಲ್, ಪಕ್ಕದ್ಮನೆಯವರೂ ಅಂಕಲ್, ಹೆಂಗೆ ಸಾರ್?" ಮೇಷ್ಟ್ರು, "ಅವರ ಭಾಷೆ ಬಡವಾದ್ದು ಕಣ್ರೋ" ಅಂತ ಹೇಳಿ ಮುಂದೆ ಹೋಗುತ್ತಿದ್ದರು. ಲ್ಯಾಟಿನ್ ಹಾಗೆ ಬಡವಾಗಿರಲಿಲ್ಲ. ಅಪ್ಪನ ಸೋದರ 'ಪತ್ರುಉಸ್', ಅಮ್ಮನ ಸೋದರ 'ಅವುಂಕುಲುಸ್', ಅಪ್ಪನ ಸೋದರಿ 'ಅಮಿತ', ಅಮ್ಮನ ಸೋದರಿ 'ಮಾತೆರ್ತೆರ'. ನಮ್ಮ ಚಿಕ್ಕಪ್ಪ, ಮಾವ, ಅತ್ತೆ, ಚಿಕ್ಕಮ್ಮನಂತೆ ನಾಲ್ಕು ಮನೆ, ನಾಲ್ಕು ಬಾಗಿಲು. ಪತ್ರುಉಸ್ ಮತ್ತು ಸಂಸ್ಕೃತದ 'ಪಿತೃವ್ಯ' ಒಂದೇ ಬೇರಿನ ಪದಗಳು ಎಂಬುದು ಇನ್ನೊಂದು ಸೊಗಸು.

ಇಂಗ್ಲಿಷ್ ಕೂಡ ಹುಟ್ಟಾ ಬಡವಿಯಲ್ಲ. ಹಳೆಯ ಇಂಗ್ಲಿಷಿನಲ್ಲಿ ಅಮ್ಮನ ಸೋದರನಿಗೆ 'ಏಆಮ್', ಅಪ್ಪನ ಸೋದರನಿಗೆ 'ಫ್ಯಾಡೆರ' ಎಂಬ ಬೇರೆ ಬೇರೆ ಹೆಸರು ಇದ್ದವು. 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡ್ ಗೆದ್ದರು. ಲ್ಯಾಟಿನ್ನಿನ ಅವುಂಕುಲುಸ್ ಸವೆದು ಸವೆದು ಫ್ರೆಂಚಿನಲ್ಲಿ 'ಓಂಕ್ಲ್' ಆಗಿತ್ತು. ಅದು ಇಂಗ್ಲಿಷಿಗೆ ಬಂದು 'ಅಂಕಲ್' ಆಯಿತು. ಮೆಲ್ಲಗೆ ಏಆಮ್ ಮತ್ತು ಫ್ಯಾಡೆರ ಎರಡನ್ನೂ ಹೊರಗೆ ತಳ್ಳಿತು. ಹಾಗಾಗಿ ಮೂಲ ಹಿಡಿದು ನೋಡಿದರೆ, ಇವತ್ತು ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳು ವಾಚ್‌ಮನ್‌ನಿಂದ ಹಿಡಿದು ಆಟೋದವರವರೆಗೆ ಎಲ್ಲರನ್ನೂ ಕರೆಯುವ 'ಅಂಕಲ್'ಗೆ ಇರುವ ಅರ್ಥ ಸೋದರಮಾವ ಎಂದೇ. ಅಮ್ಮನ ಕಡೆಯವನ ಹೆಸರು ಎಲ್ಲರನ್ನೂ ನುಂಗಿಹಾಕಿದೆ. 'ಆಂಟಿ'ಯ ಕಥೆ ಉಲ್ಟಾ, ಅದು ಅಮಿತದಿಂದ ಬಂದದ್ದು, ಅಂದರೆ ಅಪ್ಪನ ತಂಗಿ. ಅಂಕಲ್ ಅಮ್ಮನ ಕಡೆಯಿಂದ, ಆಂಟಿ ಅಪ್ಪನ ಕಡೆಯಿಂದ!

(ಮಹಿಳಾ ಓದುಗರು ಕೇಳುವ ಮೊದಲೇ ಹೇಳಿಬಿಡುತ್ತೇನೆ. 'ಚಿಕ್ಕಮ್ಮನಂಥ' ಎನ್ನಲು ಇಂಗ್ಲಿಷಿನಲ್ಲಿ ಮಾತೆರ್ತೆರದಿಂದ ಮಾಡಿದ 'ಮಟರ್ಟೆರಲ್' ಎಂಬ ಪದ ಇದೆ. ಆದರೆ ಅದನ್ನು ತಮಾಷೆಗಲ್ಲದೆ ಬಳಸುವವರಿಲ್ಲ. ಎಷ್ಟೋ ಮನೆಗಳನ್ನು ಎತ್ತಿ ನಿಲ್ಲಿಸಿದ ಚಿಕ್ಕಮ್ಮಂದಿರಿಗೆ ನಿಘಂಟು ಅನ್ಯಾಯ ಮಾಡಿದೆ.)

ಈಗ ಮುಖ್ಯ ಪ್ರಶ್ನೆ. ಇಬ್ಬರು ಇದ್ದರಲ್ಲ, ಪತ್ರುಉಸ್ ಮತ್ತು ಅವುಂಕುಲುಸ್. ವಾತ್ಸಲ್ಯದ ವಿಶೇಷಣ ಅಮ್ಮನ ತಮ್ಮನಿಗೇ ಯಾಕೆ ಸಿಕ್ಕಿತು? ರೋಮಿನಲ್ಲಿ ಅಪ್ಪನ ಅಧಿಕಾರ ಭಯಂಕರ. ಮಕ್ಕಳು ಎಷ್ಟೇ ದೊಡ್ಡವರಾದರೂ ಅಪ್ಪ ಬದುಕಿರುವವರೆಗೆ ಅವನ ಅಧೀನ. ಅಪ್ಪನ ಸೋದರ ಅದೇ ವಂಶದವನು, ಆ ಬಿಗಿಯಲ್ಲಿ ಪಾಲುದಾರ. ಹಾಗಾಗಿ ಲ್ಯಾಟಿನ್ನಿನಲ್ಲಿ 'ಪತ್ರುಉಸ್' ಅನ್ನುವುದೇ ಗದರುವವನಿಗೆ ಅಡ್ಡಹೆಸರಾಗಿತ್ತು. ಕ್ರಿ.ಪೂ. 56ರಲ್ಲಿ ಕಾಯಿಲಿಯಸ್ ಎಂಬ ತರುಣನ ಪರ ವಾದ ಮಾಡುತ್ತಾ ಸಿಸೆರೊ, ತರುಣನ ನಡತೆಯ ಮೇಲೆ ಉಪದೇಶ ಬಿಗಿದ ಎದುರು ಪಕ್ಷದವನನ್ನು ಅಪ್ಪನ ಸೋದರನಿಗೆ ಹೋಲಿಸಿ ಗೇಲಿ ಮಾಡಿದ. ಅಮ್ಮನ ತಮ್ಮನಿಗೆ ಈ ಅಧಿಕಾರ ಯಾವುದೂ ಇಲ್ಲ. ಅವನು ಬೇರೆ ಮನೆಯವನು, ಬಂದಾಗ ಬರಿ ಪ್ರೀತಿ ತರುವವನು. ಮಾನವಶಾಸ್ತ್ರಜ್ಞ ರ್‍ಯಾಡ್‌ಕ್ಲಿಫ್ ಬ್ರೌನ್ 1924ರಲ್ಲಿ ಆಫ್ರಿಕದ ದಕ್ಷಿಣ ಭಾಗದ ಜನರ ಬಗ್ಗೆ ಬರೆಯುತ್ತಾ ಹೆಚ್ಚುಕಮ್ಮಿ ಇದನ್ನೇ ಹೇಳಿದರು. ಅಪ್ಪ ಬಿಗಿಯಾಗಿರುವಲ್ಲಿ ಮಾವ ಮೃದು, ಅವನು ಒಂಥರಾ ಗಂಡು ತಾಯಿ.

ನನ್ನ ಪ್ರಕಾರ ಈ ಪದಕ್ಕೆ ನಿಜವಾದ ಜೀವ ಕೊಟ್ಟವನು ಮಾತ್ರ ಒಬ್ಬನೇ. ಪ್ಲಿನಿ.

ಇಬ್ಬರು ಪ್ಲಿನಿಗಳು. ಹಿರಿಯ ಪ್ಲಿನಿ 37 ಸಂಪುಟಗಳ ನಿಸರ್ಗಕೋಶ ಬರೆದ ಮಹಾ ಓದುಗ. ಕಿರಿಯ ಪ್ಲಿನಿ ಅವನ ಅಕ್ಕನೋ ತಂಗಿಯೋ ಆದವಳ ಮಗ. ಅಪ್ಪ ತೀರಿಕೊಂಡಿದ್ದ. ಕ್ರಿ.ಶ. 79ರಲ್ಲಿ ತಾಯಿ ಮಗ ಇಬ್ಬರೂ ಮಾವನ ಜೊತೆ ನೇಪಲ್ಸ್ ಕೊಲ್ಲಿಯ ಮಿಸೆನುಮ್ ಎಂಬ ಊರಿನಲ್ಲಿದ್ದರು. ಮಾವ ಅಲ್ಲಿಯ ನೌಕಾಪಡೆಯ ದಂಡನಾಯಕ. ಹುಡುಗನಿಗೆ 17 ವರ್ಷ. ಮಾವ ಓದಿನ ವಿಷಯದಲ್ಲಿ ಬಿಟ್ಟವನಲ್ಲ. ಹುಡುಗ ನಡೆದುಕೊಂಡು ಹೋಗುವುದನ್ನು ಕಂಡು, "ಪಲ್ಲಕ್ಕಿಯಲ್ಲಿ ಹೋಗಿದ್ದರೆ ಅಷ್ಟು ಹೊತ್ತು ಓದಬಹುದಿತ್ತು" ಎಂದು ಬೈದವನು!

ಒಂದು ಮಧ್ಯಾಹ್ನ ಅಮ್ಮ ಆಕಾಶದಲ್ಲಿ ಛತ್ರಿಯಂತೆ ಹರಡಿದ ವಿಚಿತ್ರ ಮೋಡವನ್ನು ತೋರಿಸುತ್ತಾಳೆ. ವೆಸೂವಿಯಸ್ ಬೆಟ್ಟ ಸಿಡಿದಿತ್ತು. ಮಾವ ಚಪ್ಪಲಿ ತರಿಸಿ ಎತ್ತರಕ್ಕೆ ಹತ್ತಿ ನೋಡುತ್ತಾನೆ. ಹತ್ತಿರದಿಂದ ನೋಡಿ ಬರೋಣವೆಂದು ದೋಣಿ ಸಿದ್ಧ ಮಾಡಿಸಿ ಅಳಿಯನನ್ನೂ ಕರೆಯುತ್ತಾನೆ. ಹುಡುಗ, "ಇಲ್ಲ, ನನಗೆ ಓದೋದಿದೆ" ಅನ್ನುತ್ತಾನೆ. ಓದುವ ಕೆಲಸ ಕೊಟ್ಟವನೂ ಮಾವನೇ. ಹೊರಡುವಷ್ಟರಲ್ಲಿ ಬೆಟ್ಟದ ಬುಡದಲ್ಲಿದ್ದ ರೆಕ್ಟಿನಾ ಎಂಬ ಹೆಂಗಸಿನಿಂದ ಕಾಪಾಡಿ ಎಂದು ಚೀಟಿ ಬರುತ್ತದೆ. ನೋಡಲು ಹೊರಟವನು ಕಾಪಾಡಲು ಹೊರಡುತ್ತಾನೆ. ದೊಡ್ಡ ಹಡಗುಗಳನ್ನೇ ಇಳಿಸುತ್ತಾನೆ. ಎಲ್ಲರೂ ಓಡಿಬರುತ್ತಿದ್ದ ಕಡೆಗೆ ಇವನು ಹೋಗುತ್ತಾನೆ.

ಬೂದಿ, ಕಲ್ಲು ಸುರಿದು ದಡ ಸೇರಲಾಗದೆ ಕೊನೆಗೆ ಸ್ಟೇಬಿಯೆ ಎಂಬಲ್ಲಿ ಗೆಳೆಯ ಪೊಂಪೋನಿಯಾನಸ್‌ನ ಮನೆ ಸೇರುತ್ತಾನೆ. ಗೆಳೆಯ ಗಡಗಡ ನಡುಗುತ್ತಿದ್ದಾನೆ. ಇವನು ಅವನನ್ನು ತಬ್ಬಿ ಧೈರ್ಯ ಹೇಳಿ, ತನ್ನ ನಿರಾಳತೆ ನೋಡಿಯಾದರೂ ಅವನಿಗೆ ಭಯ ಕಡಿಮೆಯಾಗಲಿ ಎಂದು, "ನನಗೆ ಸ್ನಾನಕ್ಕೆ ವ್ಯವಸ್ಥೆ ಮಾಡಿಸು" ಅನ್ನುತ್ತಾನೆ. ಸ್ನಾನ ಮಾಡುತ್ತಾನೆ, ನಗುನಗುತ್ತಾ ಊಟ ಮಾಡುತ್ತಾನೆ. ಅಥವಾ ನಗುವವನಂತೆ ನಟಿಸುತ್ತಾನೆ, ಅದೂ ಅಷ್ಟೇ ದೊಡ್ಡ ವಿಷಯ ಎನ್ನುತ್ತಾನೆ ಅಳಿಯ. ಬೆಟ್ಟದ ಮೇಲೆ ಬೆಂಕಿ ಕಾಣಿಸಿದಾಗ, ಅದು ರೈತರು ಬಿಟ್ಟುಹೋದ ಒಲೆಗಳ ಬೆಂಕಿ, ಖಾಲಿ ಮನೆಗಳು ಉರಿಯುತ್ತಿವೆ ಅಷ್ಟೇ ಅಂತ ಸಮಾಧಾನ ಹೇಳಿ ಮಲಗಿಬಿಡುತ್ತಾನೆ. ಬಾಗಿಲ ಹೊರಗೆ ಇದ್ದವರಿಗೆ ಅವನ ಗೊರಕೆ ಕೇಳಿಸುತ್ತಿತ್ತಂತೆ. ಕೊನೆಗೆ ಎಲ್ಲರೂ ತಲೆಗೆ ದಿಂಬು ಕಟ್ಟಿಕೊಂಡು ಸಮುದ್ರದಂಡೆಗೆ ಬರುತ್ತಾರೆ. ಅಲ್ಲಿ ಹಾಸಿದ ಬಟ್ಟೆಯ ಮೇಲೆ ಮಲಗಿ ಎರಡು ಸಲ ನೀರು ಕೇಳಿ ಕುಡಿಯುತ್ತಾನೆ. ಎದ್ದು ನಿಂತವನು ಕುಸಿಯುತ್ತಾನೆ. ಮತ್ತೆ ಬೆಳಕು ಹರಿದ ಮೇಲೆ ಸಿಕ್ಕ ದೇಹಕ್ಕೆ ಒಂದು ಗಾಯವಿಲ್ಲ, ನಿದ್ದೆ ಮಾಡುತ್ತಿರುವವನ ಹಾಗೆ.

ಇತ್ತ ಮಿಸೆನುಮ್‌ನಲ್ಲಿ ಭೂಮಿ ನಡುಗುತ್ತಿದ್ದರೂ ತಾಯಿ ಮಗ ಕೂತೇ ಇದ್ದರು. ಮಾವನ ಗೆಳೆಯನೊಬ್ಬ ಬಂದು ಹೊರಡಿ ಎಂದು ಗದರಿದರೂ, ಅವರ ಸುದ್ದಿ ಗೊತ್ತಾಗದೆ ನಮ್ಮ ಜೀವದ ಯೋಚನೆ ಮಾಡಲಾರೆವು ಅಂದರು. ಎಷ್ಟೋ ವರ್ಷಗಳ ನಂತರ ಇತಿಹಾಸಕಾರ ಟ್ಯಾಸಿಟಸ್ ಕೇಳಿದ್ದಕ್ಕೆ ಅಳಿಯ ಇದೆಲ್ಲವನ್ನೂ ಪತ್ರವಾಗಿ ಬರೆದ. ಆ ಪತ್ರದ ಮೊದಲ ವಾಕ್ಯದಲ್ಲೇ 'ಅವುಂಕುಲುಸ್' ಇದೆ. ಮಾವ ತನ್ನ ಉಯಿಲಿನಲ್ಲಿ ಅವನನ್ನು ಮಗನನ್ನಾಗಿ ದತ್ತು ತೆಗೆದುಕೊಂಡಿದ್ದ. ಕಾನೂನಿನ ಲೆಕ್ಕದಲ್ಲಿ 'ಅಪ್ಪ' ಅನ್ನಬಹುದಿತ್ತು. ಅವನು ಮಾವ ಎಂದೇ ಬರೆದ.

ನಿಘಂಟು ಅವಂಕ್ಯುಲರ್‌ಗೆ ಕೊಡುವ ಅರ್ಥವನ್ನು ನಾನು ಈಗ ಓದಿದರೆ ನನಗೆ ಕಾಣುವುದು ಆ ಸ್ನಾನ, ಆ ಊಟ. ತನಗೂ ಭಯವಿದ್ದಾಗ ಚಿಕ್ಕವರಿಗೆ ತೋರಿಸದೆ ಇರುವುದು.

ನಮ್ಮ ಕಡೆಗೆ ಬಂದರೆ ಸೋದರಮಾವನ ಕಥೆ ಇನ್ನೂ ಗೋಜಲು. ಕಿವಿ ಚುಚ್ಚುವಾಗ ಮಗು ಕೂರುವುದು ಮಾವನ ತೊಡೆಯ ಮೇಲೆ. ಮದುವೆಯಲ್ಲಿ ಹುಡುಗಿಯನ್ನು ಮಂಟಪಕ್ಕೆ ಕರೆತರುವವನು ಮಾವ. ಆಕಾಶದ ಚಂದ್ರನೂ ನಮ್ಮ ಮಕ್ಕಳಿಗೆ ಚಂದಮಾಮನೇ ಹೊರತು ಚಂದ ಚಿಕ್ಕಪ್ಪ ಅಲ್ಲ. ಆದರೆ ಪುರಾಣ ತೆಗೆದು ನೋಡಿ, ಕಂಸ, ಶಕುನಿ! ಜೈಲಿಗೆ ನಾವು 'ಶ್ರೀಕೃಷ್ಣ ಜನ್ಮಸ್ಥಾನ' ಅನ್ನುತ್ತೇವಲ್ಲ, ಅದು ಸೋದರಮಾವನೇ ಕಟ್ಟಿಸಿಕೊಟ್ಟ ಹೆರಿಗೆ ಕೋಣೆ. (ಇಂಗ್ಲಿಷಿನವರು ಗಿರವಿ ಅಂಗಡಿಯವನನ್ನು ತಮಾಷೆಗೆ 'ಅಂಕಲ್' ಎನ್ನುತ್ತಿದ್ದರು. ಅವಂಕ್ಯುಲರ್ ಪದವನ್ನೂ ಆ ಅರ್ಥದಲ್ಲಿ ಬಳಸಿದ್ದುಂಟು.) ಅದೇ ಕೃಷ್ಣ ಮುಂದೆ ಅಭಿಮನ್ಯುವಿಗೆ ಅಕ್ಕರೆಯ ಸೋದರಮಾವನಾದ ಎನ್ನುವುದು ಸಮಾಧಾನ.

ಮದುವೆಯ ಲೆಕ್ಕ ರೋಮಿಗೂ ನಮಗೂ ತದ್ವಿರುದ್ಧ. ಕ್ರಿ.ಶ. 49ರಲ್ಲಿ ಚಕ್ರವರ್ತಿ ಕ್ಲಾಡಿಯಸ್ ತನ್ನ ಅಣ್ಣನ ಮಗಳು ಅಗ್ರಿಪ್ಪಿನಾಳನ್ನು ಮದುವೆಯಾಗಲು ಕಾನೂನನ್ನೇ ಬದಲಿಸಿದರು. ಅಣ್ಣನ ಮಗಳಾದರೆ ಸರಿ, ಅಕ್ಕನ ಮಗಳು ಮಾತ್ರ ನಿಷಿದ್ಧ ಎಂದಾಯಿತು. ನಮ್ಮಲ್ಲಿ ಅಕ್ಕನ ಮಗಳನ್ನು ತಂದುಕೊಂಡವರು ಊರಿಗೆ ಹತ್ತು ಮಂದಿ, ಅಣ್ಣನ ಮಗಳು ಅಂದರೆ ಸ್ವಂತ ಮಗಳೇ. ಮಾವ, ಅಳಿಯ ಎಂಬ ಪದಗಳು ಎರಡೆರಡು ಕೆಲಸ ಮಾಡುವುದು ಅದಕ್ಕೇ.

ಆಸ್ತಿಯ ಲೆಕ್ಕವೂ ಇದೆ. ನಮ್ಮ ಕರಾವಳಿಯ ಅಳಿಯಸಂತಾನ ಪದ್ಧತಿಯಲ್ಲಿ ಮನೆತನ ಹೆಣ್ಣಿನಿಂದ ಹೆಣ್ಣಿಗೆ ಹರಿಯುತ್ತಿತ್ತು. ಮಾವ ಯಜಮಾನಿಕೆ ಮಾಡುತ್ತಿದ್ದ, ಆದರೆ ಆಸ್ತಿ ಅವನ ಸ್ವಂತ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ನಾವು ಘಟ್ಟದ ಮೇಲಿನವರು. ನಮ್ಮಲ್ಲಿ ಹಾಗಿಲ್ಲ. ನಮ್ಮಲ್ಲಿ ಅಕ್ಕತಂಗಿಯರಿಗೆ ಗೌರಿ ಹಬ್ಬಕ್ಕೆ ಬಾಗಿನ, ವರ್ಷಕ್ಕೊಂದು ಸೀರೆ, ಅರಿಸಿನ ಕುಂಕುಮ.

ಈಗ ಆ 'ಅಂಕಲ್' ವಿಷಯ.

ಹನ್ನೊಂದು ವರ್ಷದ ಹಿಂದೆ ಅಪ್ಪ ಕಟ್ಟಿಸಿದ ಹೆಂಚಿನ ಮನೆಯನ್ನು ಮಾರಿದೆವು. ಮಾರಿದೆವು ಅನ್ನುವುದು ಬರೀ ಬಾಯಿಮಾತು. ಮಾರಿದವನು ನಾನು. ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ಕಾನೂನು ಬಂದಿದ್ದು ನನಗೆ ಗೊತ್ತಿತ್ತು, ಅಕ್ಕನಿಗೆ ಗೊತ್ತಿತ್ತೋ ಇಲ್ಲವೋ ಕೇಳಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅವಳು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದಳು. ಓದಲೂ ಇಲ್ಲ. "ಎಲ್ಲಿ ಹಾಕ್ಬೇಕೋ?" ಅಂತ ಕೇಳಿದಳು ಅಷ್ಟೆ. ಬರುವಾಗ ಒಂದು ರೇಷ್ಮೆ ಸೀರೆ ಕೊಡಿಸಿದೆ. ಭಾವ ಆಗಲೇ ತೀರಿಹೋಗಿದ್ದರು.

ಆ ವರ್ಷ ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ಅಕ್ಕನ ಮನೆಗೆ ಹೋಗಿದ್ದೆ. ಊಟಕ್ಕೆ ಕೂತಿದ್ದೆವು. ಅವಳ ಮಗ ಆಗ ಎಂಜಿನಿಯರಿಂಗ್ ಕೊನೆಯ ವರ್ಷ, ಸಾಲ ಮಾಡಿ ಓದುತ್ತಿದ್ದ. ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಾ, ಜೋರಾಗಿಯೂ ಅಲ್ಲ, "ಮಾವ, ಅಮ್ಮನ ಪಾಲಿಗೆ ಎಷ್ಟು ಬಂತು?" ಅಂದ.

ನಾನು ಕೂಗಾಡಿಬಿಟ್ಟೆ. ನಿನಗೆ ಅಕ್ಷರ ಕಲಿಸಿದ್ದು ಯಾರು, ನಿನ್ನ ಅಪ್ಪ ಹೋದಾಗ ಓಡಿಬಂದಿದ್ದು ಯಾರು, ದೊಡ್ಡವರ ವಿಷಯಕ್ಕೆ ಬಾಯಿ ಹಾಕಬೇಡ. ಏನೇನೋ ಅಂದೆ. ಅಕ್ಕ, "ಬಿಡೋ, ಹಬ್ಬದ ದಿನ" ಅನ್ನುತ್ತಲೇ ಇದ್ದಳು. ಅವನು ಎದ್ದು ಕೈ ತೊಳೆದು ಬಂದು, "ಸರಿ ಅಂಕಲ್" ಅಂದ. ಅವತ್ತಿನಿಂದ ಅಂಕಲ್. ನನ್ನ ತೊಡೆಯ ಮೇಲೆ ಕೂತು ಕಿವಿ ಚುಚ್ಚಿಸಿಕೊಂಡ ಹುಡುಗ. ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ, ಫೋನ್ ಮಾಡಿದರೆ ಎತ್ತುತ್ತಿದ್ದ, ಬೀಳ್ಕೊಡುಗೆಗೂ ಬಂದ. ಆದರೆ ಮಾವ ಎನ್ನುವ ಮಾತು ಮತ್ತೆ ಬರಲಿಲ್ಲ.

ತರಗತಿಯಲ್ಲಿ ಬೇರೆಯವರ ಮಕ್ಕಳಿಗೆ ಫೀಸು ಕಟ್ಟಿದ್ದೇನೆ, ಹಾಸ್ಟೆಲ್ ಸೀಟಿಗೆ ಓಡಾಡಿದ್ದೇನೆ. ಆ ಉಪನ್ಯಾಸಕಿ ನೋಡಿದ್ದು ಅದನ್ನು, ಅವರು ಸುಳ್ಳು ಹೇಳಲಿಲ್ಲ. ಹಿಂದಿನ ಸಾಲಿನಲ್ಲಿ ಕೂತು ನಕ್ಕವನೂ ತಪ್ಪು ಮಾಡಲಿಲ್ಲ. ಊಟದ ಎಲೆಯ ಮುಂದೆ ಅವತ್ತು ನಾನು ಆಗಿದ್ದು ಅಪ್ಪಟ ಪತ್ರುಉಸ್.

ಹೋದ ವಾರ ಗ್ರಾಚುಯಿಟಿ ಬಂತು. ಹೆಂಡತಿಗೆ ಹೇಳಿ, ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು "ಕೊಟ್ಬನ್ನಿ" ಅಂದಮೇಲೆ, ಮನೆ ಮಾರಿದ ಹಣದಲ್ಲಿ ಸರಿಯಾಗಿ ಅರ್ಧಕ್ಕೆ ಚೆಕ್ ಬರೆದು ಅಕ್ಕನ ಮನೆಗೆ ಹೋದೆ. ಅಕ್ಕ ಅದನ್ನು ಮುಟ್ಟಲಿಲ್ಲ. "ಈಗ್ಯಾಕೋ ಇದೆಲ್ಲಾ? ನಾನೇನಾದ್ರೂ ಕೇಳಿದ್ನಾ?" ಅಂದಳು. "ನೀನು ಕೇಳ್ಲಿಲ್ಲ ಅಂತಾನೇ ಅಕ್ಕ" ಅಂದೆ. ಅವಳು ಒಳಗೆ ಹೋಗಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದಳು. ಅಳಿಯ ಮನೆಯಲ್ಲಿರಲಿಲ್ಲ. ಚೆಕ್ಕನ್ನು ಟೀವಿ ಪಕ್ಕದ ಪಂಚಾಂಗದ ಕೆಳಗೆ ಇಟ್ಟು ಬಂದೆ.

ರಾತ್ರಿ ಹತ್ತೂವರೆಗೆ ಅವನಿಂದ ವಾಟ್ಸಾಪ್ ಬಂತು. 'ಅಂಕಲ್, ಚೆಕ್ ನೋಡಿದೆ. ಹನ್ನೊಂದು ವರ್ಷದ ಬಡ್ಡಿ ಲೆಕ್ಕ ಹಾಕಿಲ್ಲ. ಭಾನುವಾರ ಊಟಕ್ಕೆ ಬನ್ನಿ, ಕೂತು ಮಾತಾಡೋಣ. ಅಮ್ಮ ಹೋಳಿಗೆ ಮಾಡ್ತಾಳಂತೆ.'

ಹೆಂಡತಿಗೆ ತೋರಿಸಿದೆ. "ಲೆಕ್ಕದಲ್ಲಿ ಥೇಟ್ ನಿಮ್ಮಪ್ಪನೇ" ಅಂದಳು.

ಈ ಅಂಕಣ ನಿಮಗೆ ತಲುಪುವ ಹೊತ್ತಿಗೆ ಆ ಭಾನುವಾರ ಕಳೆದಿರುತ್ತದೆ. ಅಂಕಲ್ ಎನ್ನುವ ಪದ ಎಲ್ಲಿಂದ ಬಂತು ಎಂದು ಅವನಿಗೆ ನಾನಿನ್ನೂ ಹೇಳಿಲ್ಲ. ಮೊದಲು ಬಡ್ಡಿಯ ವಿಷಯ ಮುಗಿಯಲಿ.